ಸುಂದ್ರವ್ವನ ಒಲೆಯ ಮೇಲಿನ ಹುಗ್ಗಿ

ನಮ್ಮ ಮನೆಯವರು ತೀರಿಕೊಂಡ ಐದನೆಯ ದಿನ ಮಗ ಶಿವರಾಜ ನನ್ನ ಎದುರಿಗೆ ಬಂದು ಕುಳಿತು, ಅಪ್ಪನ ಹದಿಮೂರನೆಯ ದಿವಸಕ್ಕೆ ಊರಿಗೆಲ್ಲ ಊಟ ಹಾಕಲು ಆಗುವುದಿಲ್ಲ ಎಂದು ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಗ್ಯಾಸ್ ಎಲ್ಲೈತಿಬೇ ಅವ್ವ? ಮನಿಗೊಂದು ಸಿಲಿಂಡರ್, ಅದೂ ನಲವತ್ತೈದು ದಿನಕ್ಕ. ಅಡಗಿಯವ್ರ ದೊಡ್ಡ ಸಿಲಿಂಡರ್ ಪೂರಾ ಬಂದ್ ಆಗ್ಯಾವು. ಹದಿಮೂರನೇ ದಿನ ಇಪ್ಪತ್ತು ಮಂದಿಗೆ ಮನ್ಯಾಗ ಮಾಡೂನು. ಉಳದವ್ರದ್ದು ಯುದ್ಧ ಮುಗದ ಮ್ಯಾಲ ನೋಡೂನು.”

“ಇಪ್ಪತ್ತು ಮಂದಿ ಅಂದ್ರ ಯಾರ್ಯಾರು?”

“ಕಾಕಾನ ಮನಿಯವ್ರು, ಅಕ್ಕನ ಮನಿಯವ್ರು, ಭಜನಿಯವ್ರು ನಾಕು ಮಂದಿ. ಅಲ್ಲಿಗೆ ಮುಗೀತು.”

ಸಮುದ್ರದ ಆಚೆ ಯುದ್ಧ ಹತ್ತಿ ಆಗ ಎರಡು ತಿಂಗಳಾಗಿತ್ತು. ಗ್ಯಾಸು, ಎಣ್ಣೆ ತರುವ ಹಡಗುಗಳು ಬರುವುದು ನಿಂತಿತ್ತು. ಬಾಂಬು ಬಿದ್ದದ್ದು ನಾವು ಹೆಸರು ಕೇಳದ ಊರುಗಳ ಮೇಲೆ. ಒಲೆ ಆರಿದ್ದು ವೇದಗಂಗೆಯ ದಂಡೆಯ ನಮ್ಮ ಊರಿನಲ್ಲಿ. ನಿಪ್ಪಾಣಿಯಲ್ಲಿ ಗ್ಯಾಸಿನ ಗೋದಾಮಿನ ಮುಂದೆ ನಸುಕಿನಿಂದಲೇ ಸಾಲು ಹಚ್ಚುತ್ತಿದ್ದರು. ಡೀಸೆಲ್ಲನ್ನೂ ಅಳೆದು ಕೊಡುತ್ತಿದ್ದರು. ಆಗ ಊರಿನ ನಾಲ್ಕು ಜನ ಸೇರಿ ಒಂದು ಕಮಿಟಿ ಮಾಡಿಕೊಂಡು, ಯುದ್ಧ ಮುಗಿಯುವವರೆಗೆ ಮದುವೆಗಾಗಲಿ, ಮಣ್ಣಿಗಾಗಲಿ, ತೊಟ್ಟಿಲಿಗಾಗಲಿ ಇಪ್ಪತ್ತು ಜನಕ್ಕಿಂತ ಹೆಚ್ಚು ಮಂದಿಗೆ ಅಡುಗೆ ಮಾಡಬಾರದೆಂದು ಗೊತ್ತು ಮಾಡಿದರು. ಆ ನಾಲ್ವರಲ್ಲಿ ನನ್ನ ಮಗನೂ ಒಬ್ಬ. ತಪ್ಪು ಮಾಡಿದ ಎಂದು ನಾನು ಹೇಳುವುದಿಲ್ಲ. ಇದ್ದದ್ದನ್ನು ಹಂಚಿಕೊಂಡು ತಿನ್ನಬೇಕಾದ ಕಾಲ ಅದು.

ಆದರೆ ನಾನು ಒಂದು ಮಾತು ಕೊಟ್ಟಿದ್ದೆ.

ನಮ್ಮ ಮನೆಯವರ ಹೆಸರು ದಶರಥ. ಅವರು ಬದುಕಿದ್ದಾಗ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ, ಈಗ ಬರೆಯುತ್ತಿದ್ದೇನೆ. ನಲವತ್ತೊಂದು ವರ್ಷ ಅವರು ವಾರಿಯ ಜನರೊಂದಿಗೆ ಪಂಢರಪುರಕ್ಕೆ ನಡೆದು ಹೋದರು. ದಾರಿಯ ಊರುಗಳಲ್ಲಿ ಗುರುತು ಪರಿಚಯ ಇಲ್ಲದವರು ಕೊಟ್ಟ ರೊಟ್ಟಿ ತಿಂದು, ಯಾರದೋ ಪಡಸಾಲೆಯಲ್ಲಿ ಮಲಗಿ ಎದ್ದು ಹೋದರು. ಹಾಸಿಗೆ ಹಿಡಿದ ಮೇಲೆ ನನ್ನನ್ನು ಕೇಳಿದ್ದು ಒಂದೇ.

“ರುಕ್ಮವ್ವ, ಇಷ್ಟು ವರ್ಷ ಮಂದಿ ಅನ್ನ ಉಂಡೇನಿ. ನನ್ನ ದಿವಸಕ್ಕ ಬಾಗಲಿಗೆ ಬಂದವ್ರು ಯಾರೂ ಹಸದು ಹೋಗಬಾರದು. ಅಷ್ಟ ಮಾಡು.”

ನಾನು ಅವರ ಕೈ ಹಿಡಿದುಕೊಂಡು ಹೂಂ ಅಂದೆ. ವಿಠ್ಠಲನ ಪಟ ತಲೆಯ ಹತ್ತಿರದ ಗೋಡೆಯ ಮೇಲಿತ್ತು. ಗ್ಯಾಸಿನ ಸಂಕಟ ಅಷ್ಟೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾತು ಕೊಟ್ಟೆ.

“ಮುನ್ನೂರು ಮಂದಿಗೆ ಮಾಡತೀನಿ,” ಎಂದು ಶಿವರಾಜನಿಗೆ ಹೇಳಿದೆ. “ಕಟಗಿ ಮ್ಯಾಲ ಮಾಡತೀನಿ.”

“ಯಾವ ಕಟಗಿ? ಯಾವ ಒಲಿ?” ಎಂದು ಅವನು ಕೇಳಿದ.

ಅವನು ಕೇಳಿದ್ದು ಸರಿಯಾಗಿತ್ತು. ನಮ್ಮ ಮನೆಯ ಒಲೆಯನ್ನು ನಾನೇ ಒಡೆದಿದ್ದೆ. ಮನೆಗೆ ಗ್ರಾನೈಟ್ ಕಟ್ಟೆ ಬಂದ ವರ್ಷ, ಅತ್ತೆ ಮೆತ್ತಿದ್ದ ಜೋಡೊಲೆಯನ್ನು ಹಾರೆಯಿಂದ ಕೆಡವಿ, ಬುಟ್ಟಿ ತುಂಬಿ ತಿಪ್ಪೆಗೆ ಚೆಲ್ಲಿದೆ. ಹೊಗೆಯಿಂದ ಬಿಡುಗಡೆ ಆಯಿತೆಂದು ಅಂದು ಓಣಿಗೆಲ್ಲ ಸಕ್ಕರೆ ಹಂಚಿದ್ದೆ. ನನ್ನನ್ನು ನೋಡಿ ನೆರೆಯವರೂ ಒಡೆದರು. ಇನ್ನು ಉರುವಲು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಾವು ರವದಿ ಅನ್ನುತ್ತೇವೆ. ಪ್ರತಿ ವರ್ಷದಂತೆ ಈ ವರ್ಷವೂ ಎಲ್ಲರೂ ಅದಕ್ಕೆ ಹೊಲದಲ್ಲೇ ಬೆಂಕಿ ಹಚ್ಚಿದರು. ಗಾಡಿಗಟ್ಟಲೆ ಉರುವಲು ಒಂದೇ ಸಂಜೆಗೆ ಬೂದಿ. ಅದಾಗಿ ತಿಂಗಳು ಕಳೆಯುವುದರೊಳಗೆ ಯುದ್ಧ ಬಂತು. ಒಣ ಕಟ್ಟಿಗೆಯನ್ನೆಲ್ಲ ನಿಪ್ಪಾಣಿಯ ಖಾನಾವಳಿಯವರು ಕೊಂಡುಹೋಗಿದ್ದರು. ಅಡುಗೆಯವರನ್ನು ಕೇಳಿದರೆ, ಭೋಜದವರೂ ಚಿಕ್ಕೋಡಿಯವರೂ ಒಂದೇ ಮಾತು ಹೇಳಿದರು: ಗ್ಯಾಸಿದ್ದರೆ ಬರುತ್ತೇವೆ, ಕಟ್ಟಿಗೆಯ ಮೇಲೆ ಮುನ್ನೂರು ಜನರ ಗೋದಿ ಹುಗ್ಗಿ ತಿರುವುವ ಕೈ ಈಗ ನಮ್ಮಲ್ಲಿಲ್ಲ.

ಆರನೆಯ ದಿನ ಮಧ್ಯಾಹ್ನ ಹಿತ್ತಲಲ್ಲಿ ನಿಂತಾಗ ಊರ ಕೊನೆಗೆ ಹೊಗೆ ಏಳುವುದು ಕಂಡಿತು. ದಲಿತರ ಕೇರಿಯ ಹೊಗೆ. ಅಲ್ಲಿಯವರಿಗೂ ಗ್ಯಾಸು ಬಂದಿತ್ತು, ಆದರೆ ಅವರು ಒಲೆ ಒಡೆದಿರಲಿಲ್ಲ. ಹೊಲದಲ್ಲಿ ನಾವು ಸುಡುವುದಕ್ಕೆ ಮೊದಲು ಹೊರೆ ಹೊರೆ ರವದಿ ಹೊತ್ತುಕೊಂಡು ಹೋದವರು ಅವರೇ. ತಂಬಾಕು ಕೊಯ್ದ ಮೇಲೆ ಉಳಿದ ದಂಟನ್ನು ಕಿತ್ತು, ಒಣಗಿಸಿ ಒಟ್ಟಿದವರೂ ಅವರೇ. ಕೆಲವು ದಿನಗಳ ಹಿಂದೆ ಬುದ್ಧವಿಹಾರದ ಬಯಲಿನಲ್ಲಿ ಏಪ್ರಿಲ್ ಜಯಂತಿಗೆ ಇಡೀ ಕೇರಿಗೆ ಊಟ ಹಾಕಿದ್ದರು. ಅದಕ್ಕಾಗಿ ನೆಲ ಅಗೆದು ಮಾಡಿದ ಉದ್ದನೆಯ ಒಲೆ ಇನ್ನೂ ಹಾಗೆಯೇ ಇತ್ತು. ಆ ಅಡುಗೆ ಮಾಡಿದ ಕೈ ಸುಂದ್ರವ್ವನದು. ಅವಳು ಮೂವತ್ತು ವರ್ಷ ನಮ್ಮ ಹೊಲದಲ್ಲಿ ಕಳೆ ತೆಗೆದವಳು.

ಸೂತಕದಲ್ಲಿ ಗಂಡ ಸತ್ತವಳು ಹದಿಮೂರು ದಿನ ಹೊಸ್ತಿಲು ದಾಟುವಂತಿಲ್ಲ. ನಾನು ಸೆರಗು ಹೊದ್ದು ದಾಟಿದೆ. ಸೊಸೆ ಪ್ರಾಜಕ್ತಾ ಬಾಗಿಲವರೆಗೆ ಬಂದು, “ಅತ್ತೀರ, ಚಪ್ಪಲ್ ಮೆಟ್ಟಿಗೊಂಡು ಹೋಗ್ರಿ, ನೆಲ ಕಾದೈತಿ,” ಎಂದಳೇ ಹೊರತು ತಡೆಯಲಿಲ್ಲ.

ಸುಂದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಒಂದು ಗೋಣಿಚೀಲ ಹಾಸಿದಳು.

“ಬರ್ರಿ ಅಕ್ಕಾರ. ಸೂತಕ ಮುಗೀಲಾರದ ಬಂದೀರಿ. ಇವತ್ತ ಊರ ಮಂದಿಗೆ ಗ್ಯಾಸಿನ ಮಾತು ಮರತು ಹೋಗತೈತಿ.”

ನಾನು ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಕೇರಿಯವರು ನನಗೆ ಅಕ್ಕಾರ ಅನ್ನುತ್ತಾರೆ. ಬಂದ ಕೆಲಸ ಹೇಳಿದೆ. ಉರುವಲೂ ಕೈಯೂ ನಮ್ಮ ಓಣಿಯಲ್ಲಿ ಇಲ್ಲ, ಎರಡೂ ನಿನ್ನಲ್ಲಿವೆ, ನಮ್ಮ ಅಂಗಳದಲ್ಲಿ ಒಲೆ ಅಗೆಸುತ್ತೇನೆ, ಬಂದು ಮಾಡಿಕೊಡು ಎಂದೆ.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ನಿಮ್ಮ ಅಂಗಳಕ್ಕ ನಾ ಬರಾಂಗಿಲ್ಲರಿ.”

“ಯಾಕ?”

“ಅಲ್ಲಿ ಬಂದು ಮಾಡಿದ್ರ ನಾ ಕೂಲಿಯಾಕಿ. ಇಲ್ಲಿ ನನ್ನ ಒಲಿ ಮ್ಯಾಲ ಮಾಡಿದ್ರ, ದಶರಥ ಅಪ್ಪಾರ ದಿವಸಕ್ಕ ಸುಂದ್ರವ್ವ ಅಡಗಿ ಮಾಡಿಕೊಟ್ಲು ಅಂತ ಆಗತೈತಿ. ಬ್ಯಾರೆ ಬ್ಯಾರೆ ಅದಾವ ಅವು.”

“ಆತು. ಇಲ್ಲೇ ಮಾಡು.”

“ತಡೀರಿ, ಇನ್ನೂ ಐತಿ. ನಿಮ್ಮ ಅತ್ತಿಯವ್ರ ದಿವಸಕ್ಕ ನಾವು ಬಂದಿದ್ವಿ. ನೆನಪೈತೇನ್ರಿ?”

ನೆನಪಿತ್ತು. 

“ಮೂರು ತಾಸು ತಿಪ್ಪಿ ಕಡೆ ಕುಂತಿದ್ವಿ. ಊರವ್ರದ್ದೆಲ್ಲಾ ಆದ ಮ್ಯಾಲ ನೀವು ಬಂದ್ರಿ. ಸೌಟು ಇಷ್ಟೆತ್ತರ ಹಿಡದು ನನ್ನ ಡಬರ್ಯಾಗ ಸಾರು ಹೊಯ್ದ್ರಿ. ಅರ್ಧ ಸೀರಿ ಮ್ಯಾಲ ಬಿತ್ತು. ಪುಣ್ಯಾಕ ಆರಿ ಹೋಗಿತ್ತು, ಸುಡಲಿಲ್ಲ.” ಅವಳು ನಕ್ಕಳು. “ಹೊಲದಾಗ ನೀವು ಒಂದ ಮಾತು ಒರಟ ಆಡಿದಾಕಿ ಅಲ್ಲ. ಅದಕ್ಕ ಅದು ನೆನಪುಳೀತು.”

“ಸಾರು ಹೊಯ್ದಾಕಿ ನಾನ,” ಎಂದೆ. “ತಪ್ಪಾತು ಸುಂದ್ರವ್ವ.”

“ಹೂಂ,” ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. “ಈ ಸಲ ನಮ್ಮ ಮಂದಿ ಮೊದಲನೇ ಪಂಕ್ತಿಯೊಳಗ ಕುಂಡರತಾರ. ನಿಮ್ಮವ್ರ ನಡು ನಡು. ಬ್ಯಾರೆ ಸಾಲು ಹಾಕಿದ್ರ ಡಬರಿ ಎತಗೊಂಡು ತಿರುಗಿ ಬರತೀವಿ. ಮತ್ತ ನಾವು ವಿಠೋಬಾನ ಪ್ರಸಾದ ಅಂತ ಉಣ್ಣಾಂಗಿಲ್ಲ, ಮೊದಲ ಹೇಳತೀನಿ. ಊಟ ಅಂತ ಉಣತೀವಿ.”

“ಊಟ ಅಂತನ ಉಣ್ರಿ.”

“ಈ ಮಾತ ನಿಮ್ಮ ಮನಿ ಗಂಡಸರ ಮುಂದ ಹೇಳ್ರಿ. ನನ್ನ ಮುಂದ ಹೂಂ ಅನ್ನೂದು ಹಗೂರ ಐತಿ.” ಆಮೇಲೆ ಹಂಚಿನ ಮೇಲಿನ ರೊಟ್ಟಿಯನ್ನು ತಾಟಿನಲ್ಲಿ ಇಟ್ಟು, ಖಾರದ ಹಿಂಡಿ ಹಾಕಿ ನನ್ನ ಮುಂದೆ ಸರಿಸಿದಳು. “ತಿನ್ನೂದಾದ್ರ ತಿನ್ರಿ. ಇಲ್ಲಂದ್ರ ನಾನ ತಿಂತೀನಿ.”

ಆರು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಬೀಗರು ತಂದ ತಣ್ಣನೆಯ ಅನ್ನವೇ ಗತಿಯಾಗಿತ್ತು. ನಾನು ಹುಟ್ಟಿದಂದಿನಿಂದ ಆ ಕೇರಿಯಲ್ಲಿ ನೀರು ಸಹ ಕುಡಿದವಳಲ್ಲ. ಮನಸ್ಸಿನಲ್ಲಿ ವಿಠ್ಠಲನನ್ನು ನೆನೆದು ರೊಟ್ಟಿ ಮುರಿದೆ. ಬಿಸಿ ಇತ್ತು. ಎರಡು ತಿಂದೆ.

ಸಂಜೆ ಪಡಸಾಲೆಯಲ್ಲಿ ಮೈದುನ ಭೀಮಸಿ ನನ್ನ ದಾರಿ ಕಾಯುತ್ತ ಕುಳಿತಿದ್ದರು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

“ವೈನಿ, ಅಣ್ಣ ಹೋಗಿ ವಾರ ಆಗಿಲ್ಲ. ಮನಿ ಮಾನ ಒಯ್ದು ಕೇರ್ಯಾಗ ಇಟ್ಟು ಬಂದ್ರಿ.”

“ಮಾನ ಅಲ್ಲ, ಗೋದಿ ಒಯ್ದಿಡಬೇಕು. ಎರಡು ಚೀಲ. ಗಾಡಿ ಕೊಡ್ತೀರೇನು?”

ಪ್ರಾಜಕ್ತಾ ಒಳಗೆ ಕೆಮ್ಮಿದಳು. ನಗು ತಡೆದ ಕೆಮ್ಮು ಅದು.

“ನಮ್ಮ ಮಂದಿ ಒಬ್ರೂ ಬರಾಂಗಿಲ್ಲ,” ಎಂದರು ಭೀಮಸಿ.

“ಬರಲಾರದವ್ರಿಗೆ ನಾ ಏನ ಮಾಡ್ಲಿ. ಬಂದವ್ರಿಗೆ ನೀಡತೀನಿ. ಮೊದಲನೇ ಪಂಕ್ತಿಯೊಳಗ ಕೇರಿಯವ್ರು ನಮ್ಮವ್ರ ನಡುವ ಕುಂಡರತಾರ. ಇದನ್ನೂ ಈಗ ಹೇಳೇನಿ, ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ್ರಿ. ನಿಮ್ಮ ಅಣ್ಣನ ಕೂಡ ನೀವೂ ಮೂರು ವರ್ಷ ವಾರಿಗೆ ಹೋಗಿದ್ರಿ. ದಾರ್ಯಾಗ ರೊಟ್ಟಿ ಕೊಟ್ಟವ್ರಿಗೆ ನೀವು ಯಾರ ಪೈಕಿ ಅಂತ ಕೇಳಿದ್ರೇನು?”

“ಅದು ವಾರಿ ವೈನಿ. ಇದು ಊರು.”

ಐವತ್ತು ವರ್ಷ ನಾನೂ ಹಾಗೆಯೇ ನಂಬಿದ್ದೆ. ದೇವರ ದಾರಿಯಲ್ಲಿ ಎಲ್ಲರೂ ಒಂದೇ, ಊರ ಓಣಿಗೆ ಬಂದ ಮೇಲೆ ಅವರವರ ಜಾಗ ಅವರವರಿಗೆ. ಅದರಲ್ಲಿ ತಪ್ಪಿದೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಆದರೆ ನನ್ನ ಗಂಡ ಸತ್ತದ್ದು ವಾರಿಯಲ್ಲಲ್ಲ, ಊರಿನಲ್ಲಿ. ಬಾಗಿಲಿಗೆ ಬಂದವರು ಎಂದು ಅವರು ಅಂದದ್ದು ಈ ಮನೆಯ ಬಾಗಿಲನ್ನೇ.

“ಹಂಗಂದ್ರ ಹದಿಮೂರನೇ ದಿನ ನಮ್ಮ ಅಂಗಳ ವಾರಿ ಅಂತ ತಿಳೀರಿ,” ಎಂದೆ.

ಅವರು ಎದ್ದು ಹೋದರು. ಶಿವರಾಜ ಉಳಿದ.

“ಕಮಿಟ್ಯಾಗ ನಾ ಏನ ಹೇಳ್ಲಿ ಅವ್ವ? ಕರಾರು ಮಾಡಿದವ್ನ ಮನ್ಯಾಗ ಮುನ್ನೂರು ಮಂದಿ ಊಟ. ನಾಳೆ ಎಲ್ಲಾರೂ ನನ್ನ ಮಾರಿಗೆ ಹೊಡಿಯಾಂಗ ಮಾತಾಡ್ತಾರ.”

“ಗ್ಯಾಸ್ ಉಳೀಲಿ ಅಂತ ಮಾಡಿದ ಕರಾರು ಅದು. ನಾ ಗ್ಯಾಸ್ ಮುಟ್ಟಾಂಗಿಲ್ಲ. ನಿಮ್ಮ ಕಮಿಟಿಯವ್ರನ್ನೂ ಕರಿ, ಉಂಡು ಹೋಗ್ಲಿ.”

“ಖರೇನ ಐತ್ರಿ,” ಎಂದು ಪ್ರಾಜಕ್ತಾ ಗಂಡನಿಗೆ ಹೇಳಿದಳು. “ನೀವು ನಿಪ್ಪಾಣ್ಯಾಗ ಸಾಲಿಗೆ ನಿಂತು ನಿಂತು ಕರ್ರಗಾದ್ರಿ. ಅತ್ತೀರು ಒಂದ ಮಧ್ಯಾಹ್ನದಾಗ ಒಲಿ ಹುಡಕಿಕೊಂಡು ಬಂದ್ರು.”

ಅವನು ಎದ್ದು ಹೊರಗೆ ಹೋದ. ನಾಲ್ಕೈದು ದಿನ ನನ್ನ ಜೊತೆ ಸರಿಯಾಗಿ ಮಾತನ್ನೂ ಆಡಲಿಲ್ಲ. ಆದರೆ ಹನ್ನೆರಡನೆಯ ದಿನ ಬೆಳಗ್ಗೆ ನೋಡಿದರೆ ಗೋದಿಯ ಚೀಲ, ಬೆಲ್ಲದ ಪೆಂಟಿ ಮನೆಯಲ್ಲಿರಲಿಲ್ಲ. ಚಕ್ಕಡಿಯಲ್ಲಿ ಹೇರಿಕೊಂಡು ಅವನೇ ಕೇರಿಗೆ ಮುಟ್ಟಿಸಿ ಬಂದಿದ್ದ. ಇಳಿಸಿಕೊಳ್ಳುವಾಗ ಸುಂದ್ರವ್ವನ ಮಗ ಲಖನ, “ಮೆಂಬರ್ ಸಾಹೇಬರ, ರಸೀದಿ ಬೇಕೇನ್ರಿ?” ಎಂದು ಕಾಡಿದನಂತೆ. ಲಖನ ಬಸ್ಸಿನ ಕಂಡಕ್ಟರ್. ಈ ಕೆಲಸಕ್ಕೆಂದು ಎರಡು ದಿನ ರಜೆ ಹಾಕಿದ್ದ.

ಹದಿಮೂರನೆಯ ದಿನ ನಸುಕಿನಲ್ಲಿ ಕೇರಿಯ ಬಯಲಿನಲ್ಲಿ ಒಲೆ ಹೊತ್ತಿತು. ರವದಿ ಬೇಗ ಉರಿದು ಬೇಗ ಆರುತ್ತದೆ. ಅದಕ್ಕೇ ಸುಂದ್ರವ್ವ ಮೊದಲು ರವದಿ ಕೊಟ್ಟು, ಹಿಂದಿನಿಂದ ತಂಬಾಕಿನ ದಂಟು ಕೊಟ್ಟು, ಕುಳ್ಳಿನ ಕೆಂಡದ ಮೇಲೆ ಹುಗ್ಗಿಯನ್ನು ಕುದಿಸಿದಳಂತೆ. ಸೌಟಿಗೆ ಬದಲು ಉದ್ದನೆಯ ಹುಟ್ಟು, ಅದನ್ನು ಇಬ್ಬರು ಹಿಡಿದು ತಿರುವಬೇಕು. ನಮ್ಮ ಪ್ರಾಜಕ್ತಾ ಒಂದು ಕಡೆ ಹಿಡಿದಿದ್ದಳು. ನಾನು ಮನೆಯಲ್ಲಿ ಪೂಜೆಗೆ ಕುಳಿತಿದ್ದೆ. ಅವರ ತುಳಸಿಮಾಲೆಯನ್ನು ಪಟಕ್ಕೆ ಹಾಕುವಾಗ ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ಹೊರಗೆ ಚಕ್ಕಡಿಯ ಸದ್ದು ಕೇಳಿತು.

ಡೀಸೆಲ್ ಇಲ್ಲದ ಕಾರಣ ಡಬರಿಗಳು ಚಕ್ಕಡಿಯ ಮೇಲೆ ಬಂದವು. ಕೇರಿಯಿಂದ ನಮ್ಮ ಮನೆಗೆ ಬರಬೇಕಾದರೆ ಗುಡಿಯ ಮುಂದೆ, ಚಾವಡಿಯ ಮುಂದೆ, ಇಡೀ ಊರಿನ ಮುಂದೆ ಬರಬೇಕು. ಎತ್ತುಗಳ ಮುಂದೆ ಶಿವರಾಜ ನಡೆದಿದ್ದ. ಹಿಂದೆ ಸುಂದ್ರವ್ವ, ಬಿಳಿ ಸೀರೆ ಉಟ್ಟ ಕೇರಿಯ ಹೆಂಗಸರು, ಗಂಡಸರು.

ಅಂಗಳದಲ್ಲಿ ಚಾಪೆ ಹಾಸಿ ಎಲೆ ಹಾಕಿತ್ತು. ಭೀಮಸಿ ಅಂಗಳದ ಗೇಟಿನ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದರು. ಯಾರನ್ನೂ ತಡೆಯಲಿಲ್ಲ, ಯಾರನ್ನೂ ಬನ್ನಿ ಎನ್ನಲೂ ಇಲ್ಲ. ಅವರು ಅಲ್ಲಿ ನಿಂತದ್ದೇ ಸಾಕಾಗಿತ್ತು. ಊರವರು ರಸ್ತೆಯ ಆಚೆ ಗುಂಪು ಗುಂಪಾಗಿ ನಿಂತುಬಿಟ್ಟರು. ಊರವರು ಬಾರದ್ದನ್ನು ನೋಡಿ ಕೇರಿಯವರೂ ಕೂಡಲಿಲ್ಲ. ಎಲೆಯ ಸಾಲು ಖಾಲಿ, ಹುಗ್ಗಿಯ ಡಬರಿಯಿಂದ ಹಬೆ ಏಳುತ್ತಿತ್ತು. ಯಾರೂ ಉಣ್ಣದಿದ್ದರೆ ನನ್ನ ಮಾತು ಅಲ್ಲಿಗೆ ಮುಗಿದಂತೆ.

ಮನೆಯ ಹಿರಿಯ ಹೆಂಗಸು ಎಲ್ಲರದೂ ಆದ ಮೇಲೆ ಒಳಗೆ ಉಣ್ಣಬೇಕು. ಅದೂ ನನ್ನಂಥವಳು ಅಂದು ಹೊರಗೆ ಮುಖ ತೋರಿಸಬಾರದು. ನಾನು ಹೊರಗೆ ಬಂದೆ. ಮೊದಲನೆಯ ಸಾಲಿನ ನಡುವಿನ ಎಲೆಯ ಮುಂದೆ ಹೋಗಿ ಕುಳಿತೆ.

“ಸುಂದ್ರವ್ವ, ಬಾ. ಇಲ್ಲಿ ಕುಂಡ್ರು.”

ಅವಳು ಬಂದು ನನ್ನ ಬಲಕ್ಕೆ ಕುಳಿತಳು. ಆ ಕಡೆ ಲಖನ ಕುಳಿತ. ಎಡಗಡೆಯ ಎಲೆ ಖಾಲಿಯೇ ಉಳಿಯಿತು. ಶಿವರಾಜ ಬಕೀಟು ಹಿಡಿದು ನಿಂತಿದ್ದ. ನಾನು ತಲೆ ಎತ್ತಿ ಅವನನ್ನು ನೋಡಿದೆ. ಅವನು ಬಗ್ಗಿ ನನ್ನ ಎಲೆಗೆ ಹುಗ್ಗಿ ಹಾಕಿದ, ಸುಂದ್ರವ್ವನ ಎಲೆಗೆ ಹಾಕಿದ. ಕೈ ಎಲೆಯ ಹತ್ತಿರ ತಂದು ಹಾಕಿದ.

“ಇನ್ನೊಂದ ಸೌಟ ಹಾಕಪ್ಪಾ,” ಎಂದಳು ಸುಂದ್ರವ್ವ. “ನಾನ ಮಾಡೀನಿ, ಕೆಟ್ಟಿಲ್ಲ.”

ರಸ್ತೆಯ ಆಚೆಯಿಂದ ಕೋಲು ಊರುವ ಸದ್ದು ಬಂತು. ಭಜನೆಯ ಧೂಳಪ್ಪಜ್ಜ, ನಮ್ಮ ಮನೆಯವರ ವಾರಿಯ ಜೊತೆಗಾರ. ಎಂಬತ್ತು ದಾಟಿದ ಮನುಷ್ಯ. ಗೇಟಿನಲ್ಲಿ ಭೀಮಸಿಯನ್ನು ದಾಟಿ ಬಂದು ನನ್ನ ಎಡಗಡೆ ಕಷ್ಟಪಟ್ಟು ಕುಳಿತರು. ಹುಗ್ಗಿಯ ಮೊದಲ ತುತ್ತು ಬಾಯಿಗಿಟ್ಟು ಮೂಗು ಸೊಟ್ಟ ಮಾಡಿದರು.

“ತಂಬಾಕಿನ ವಾಸ ಹೊಡಿತೈತಿ. ದಶರಥ ಜಲ್ಮದಾಗ ಬೀಡಿ ಮುಟ್ಟಿದಾವಲ್ಲ. ಹೋದ ಮ್ಯಾಲ ಹೊಗಿ ಕುಡಿಸೀರಲ್ಲ ಅವಗ.”

“ಬ್ಯಾಡಾದ್ರ ಬಿಡ್ರಿ ಅಜ್ಜಾರ,” ಎಂದಳು ಸುಂದ್ರವ್ವ.

“ಯಾರಂದ್ರು ಬ್ಯಾಡ ಅಂತ? ತುಪ್ಪ ಎಲ್ಲೈತಿ?”

ಸಾಲಿನಲ್ಲಿ ನಗು ಎದ್ದಿತು. ಆಮೇಲೆ ಭಜನೆಯವರು ಬಂದರು. ನಾನು ಶಾಲೆಯಲ್ಲಿ ಕಲಿಸಿದ ಕೆಲವರು ಬಂದರು. ಅವರಿಗೆ ನನ್ನ ಕಣ್ಣು ತಪ್ಪಿಸುವುದು ಈಗಲೂ ಕಷ್ಟ. ಎರಡು ತಿಂಗಳಿಂದ ಅರೆಬರೆ ಬೇಯಿಸಿಕೊಂಡು ಉಂಡವರು ಎಲ್ಲರೂ. ಹುಗ್ಗಿಯ ವಾಸನೆ ನನ್ನ ಕರೆಗಿಂತ ಹೆಚ್ಚು ಕೆಲಸ ಮಾಡಿತೋ ಏನೋ, ಮಾಡಿದರೆ ಮಾಡಲಿ. ಕಮಿಟಿಯ ಇಬ್ಬರು ಎರಡನೆಯ ಪಂಕ್ತಿಗೆ ತಲೆ ತಗ್ಗಿಸಿಕೊಂಡು ಬಂದು ಕುಳಿತರು. ಬಾರದವರೂ ಬಹಳ ಜನ. ನಮ್ಮ ಓಣಿಯ ಹತ್ತು ಹನ್ನೆರಡು ಮನೆಯವರು ರಸ್ತೆಯಿಂದಲೇ ತಿರುಗಿ ಹೋದರು. ಅವರಲ್ಲಿ ನನ್ನ ತವರಿನವರೂ ಇದ್ದರು. ಹೋಗುವುದನ್ನು ನೋಡುತ್ತ ಉಂಡೆ. ಕರೆಯಲು ಏಳಲಿಲ್ಲ.

ಬಿಸಿಲು ಇಳಿಯುವಾಗ ಕೊನೆಯ ಪಂಕ್ತಿ ಎದ್ದಿತು. ಭೀಮಸಿ ಇನ್ನೂ ಕಂಬದ ಹತ್ತಿರವೇ ಇದ್ದರು. ತಮ್ಮನಾದವನು ದಿವಸದ ಊಟ ಆಗುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ. ಬೆಳಗಿನಿಂದ ಉಪವಾಸ ನಿಂತಿದ್ದರು. ನಾನು ತಾಟಿನಲ್ಲಿ ಹುಗ್ಗಿ, ಅನ್ನ, ಸಾರು, ಬದನೆಕಾಯಿ ಪಲ್ಯ ಹಾಕಿಕೊಂಡು ಗೇಟಿಗೆ ಹೋದೆ.

“ಉಣ್ರಿ ಭೀಮಸಿ.”

“ನಾ ಒಳಗ ಬಂದಿಲ್ಲ ವೈನಿ.”

“ಬರಬ್ಯಾಡ್ರಿ. ಇಲ್ಲೇ ಉಣ್ರಿ. ಗೇಟಿನ ಹೊರಗ ನಿಂತರೂ ಬಾಗಲಿಗೆ ಬಂದವ್ರ ನೀವು.”

ಅವರು ಕೈ ಚಾಚಲಿಲ್ಲ. ನಾನು ಕೈ ಇಳಿಸಲಿಲ್ಲ. ಹಿತ್ತಾಳೆಯ ತಾಟು, ತುಂಬಿದ್ದು. ತಾಟಿನ ತಳಕ್ಕೆ ಇನ್ನೊಂದು ಕೈಯನ್ನೂ ಕೊಟ್ಟೆ. ಡಬರಿ ತಿಕ್ಕುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಸುಂದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಮ್ಮ ಕಡೆ ನಡೆದು ಬಂದಳು.

“ಕೈ ಸೋತಾವ ಅಕ್ಕಾರ. ಇತ್ತ ಕೊಡ್ರಿ, ನಾ ಹಿಡೀತೀನಿ. ನಾ ರಾತ್ರೀತನಕ ಬೇಕಾದ್ರ ನಿಂದರತೀನಿ.”

ಅವಳ ಕೈ ತಾಟಿಗೆ ಮುಟ್ಟುವುದಕ್ಕೆ ಮೊದಲು ಭೀಮಸಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಯಾಕೆ ತೆಗೆದುಕೊಂಡರು ಎಂದು ಅಂದೂ ಕೇಳಲಿಲ್ಲ, ಇಂದೂ ಕೇಳಿಲ್ಲ. ಕಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನಮ್ಮ ಕಡೆ ಬೆನ್ನು ಮಾಡಿ, ಉಣ್ಣತೊಡಗಿದರು. ನಾನೂ ಸುಂದ್ರವ್ವನೂ ಅವರ ತಾಟು ಖಾಲಿಯಾಗುವವರೆಗೆ ಅಲ್ಲಿಯೇ ನಿಂತೆವು.